ಮಗುವಿನ ಪರವಾಗಿ ಒಂದು ಅರ್ಜಿ

ಶಾಲೆಯಲ್ಲಿ ಮಕ್ಕಳ ಪರವಾಗಿ ಕೇಳುವ ಕೆಲಸವನ್ನು ಕಾನೂನು ಪೋಷಕರ ಕೈಗೇ ಕೊಟ್ಟಿದೆ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಜನರ ಬಾಯಲ್ಲಿ ಎಸ್‌ಡಿಎಂಸಿ, ಇರುವುದು ಅದಕ್ಕೇ. ಆ ಸಮಿತಿಗೆ ಹೊಸದಾಗಿ ಆಯ್ಕೆಯಾದ ಪೋಷಕಿಯೊಬ್ಬರಿಗೂ ಹಳ್ಳಿಯ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಮುಖ್ಯ ಶಿಕ್ಷಕರಾಗಿದ್ದು ನಿವೃತ್ತರಾದ ಮೇಷ್ಟರೊಬ್ಬರಿಗೂ ನಡುವೆ ನಡೆದ ಮಾತುಕತೆ ಇದು. ಪೋಷಕಿಯ ಕೈಯಲ್ಲಿ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿಗೆಂದು ಬರೆದ ಅರ್ಜಿಯಿತ್ತು.

ಪೋಷಕಿ: ಇದನ್ನೊಮ್ಮೆ ನೋಡಿಕೊಡಿ ಮೇಷ್ಟ್ರೇ. ‘ತಾವು ಕೃಪೆ ತೋರಿ ನಮ್ಮೂರ ಶಾಲೆಗೆ ಸೌಲಭ್ಯಗಳನ್ನು ಒದಗಿಸಿಕೊಡಬೇಕೆಂದು ಬೇಡಿಕೊಳ್ಳುತ್ತೇವೆ’ ಎಂದು ಬರೆದಿದೆ.

ಮೇಷ್ಟರು: ಬರಹ ಅಚ್ಚುಕಟ್ಟಾಗಿದೆ. ಆದರೆ ಬೇಡಿಕೊಳ್ಳುವ ಮಾತು ಇಲ್ಲಿ ಸಲ್ಲುವುದಿಲ್ಲ ಅಮ್ಮ. 2002ರಲ್ಲಿ ಸಂವಿಧಾನದ 86ನೇ ತಿದ್ದುಪಡಿ 6ರಿಂದ 14 ವರ್ಷದ ಮಕ್ಕಳ ಶಿಕ್ಷಣವನ್ನು ಮೂಲಭೂತ ಹಕ್ಕು ಮಾಡಿತು. ಅದನ್ನು ಜಾರಿಗೆ ತರುವ ಕಾಯ್ದೆ 2009ರಲ್ಲಿ ಬಂತು. 2010ರ ಏಪ್ರಿಲ್ 1ರಿಂದ ನಡೆಯುತ್ತಿದೆ. ಜನ ಆರ್‌ಟಿಇ ಅನ್ನುತ್ತಾರಲ್ಲ, ಅದೇ. ಆರ್‌ಟಿಇ ಎಂದರೆ ಖಾಸಗಿ ಶಾಲೆಯ ಫ್ರೀ ಸೀಟು ಎಂದೇ ಬಹಳ ಮಂದಿ ತಿಳಿದುಕೊಂಡಿದ್ದಾರೆ. ಆ ಸೀಟು ಕಾಯ್ದೆಯ ಒಂದು ಕಲಮು ಅಷ್ಟೇ. ಶೌಚಾಲಯ, ಕುಡಿಯುವ ನೀರು, ಇಷ್ಟು ಮಕ್ಕಳಿಗೆ ಇಷ್ಟು ಶಿಕ್ಷಕರು, ವರ್ಷಕ್ಕೆ ಇಷ್ಟು ದಿನ ಪಾಠ, ಮಗುವನ್ನು ಹೊಡೆಯಕೂಡದು ಎನ್ನುವುದು, ಎಲ್ಲವೂ ಅದರೊಳಗೇ ಇದೆ. ಕೊಡಲೇಬೇಕಾದ್ದನ್ನು ಕೃಪೆ ಎಂದು ಬರೆದುಕೊಟ್ಟರೆ, ಓದಿದ ಅಧಿಕಾರಿಗೂ ಅದು ಕೃಪೆಯಾಗಿಯೇ ಕಾಣುತ್ತದೆ. ಇನ್ನೊಂದು ತೊಡಕು ‘ಸೌಲಭ್ಯಗಳು’ ಎಂಬ ಪದ. ಯಾವುದು ಇಲ್ಲ, ಯಾರಿಗೆ ಇಲ್ಲ, ಎಂದಿನಿಂದ ಇಲ್ಲ ಎಂಬುದು ಆ ಪದದಲ್ಲಿ ಕಾಣುವುದಿಲ್ಲ.

ಪೋಷಕಿ: ಕೇಳುವ ಅಧಿಕಾರ ಸಮಿತಿಗೆ ನಿಜವಾಗಿಯೂ ಇದೆಯೇ? ಸಭೆಗೆ ಕರೆಯುತ್ತಾರೆ, ಟೀ ಬಿಸ್ಕತ್ತು ಕೊಡುತ್ತಾರೆ, ಪುಸ್ತಕಕ್ಕೆ ಸಹಿ ಹಾಕಿಸಿಕೊಂಡು ಕಳಿಸುತ್ತಾರೆ.

ಮೇಷ್ಟರು: ವಿಜ್ಞಾನಿ ರಾಜಾ ರಾಮಣ್ಣನವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆ ಕೊಟ್ಟ ಸಲಹೆಯ ಮೇಲೆ 2001ರಲ್ಲಿ ಈ ಸಮಿತಿಗಳು ನಮ್ಮ ರಾಜ್ಯದಲ್ಲಿ ಬಂದವು. ಕೇಂದ್ರದ ಕಾಯ್ದೆಗಿಂತ ಎಂಟು ವರ್ಷ ಮೊದಲೇ ಕರ್ನಾಟಕ ಈ ದಾರಿ ಹಿಡಿದಿತ್ತು. ಆಮೇಲೆ ಬಂದ ಕಾಯ್ದೆ ಸಮಿತಿಯ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಒಟ್ಟಿನಲ್ಲಿ ಅರ್ಧ ಹೆಂಗಸರಿರಬೇಕು, ಹಿಂದುಳಿದವರ ಮತ್ತು ಬಡವರ ಮಕ್ಕಳ ಪೋಷಕರಿಗೆ ಅವರ ಪ್ರಮಾಣಕ್ಕೆ ತಕ್ಕ ಸ್ಥಾನ ಸಿಗಬೇಕು ಎಂದು ಗಟ್ಟಿ ಮಾಡಿತು. ಶಾಲೆಯ ಕೆಲಸ ನೋಡುವುದು, ಅಭಿವೃದ್ಧಿ ಯೋಜನೆ ತಯಾರಿಸುವುದು, ಬಂದ ಅನುದಾನ ಎಲ್ಲಿಗೆ ಹೋಯಿತೆಂದು ವಿಚಾರಿಸುವುದು ಸಮಿತಿಯ ಕೆಲಸವೆಂದು ಕಾಯ್ದೆಯೇ ಹೇಳುತ್ತದೆ. ಆ ಸಹಿ ಹಾಕುವ ಪುಸ್ತಕ ಇದೆಯಲ್ಲ, ನಡವಳಿ ಪುಸ್ತಕ, ಸಮಿತಿಯ ಶಕ್ತಿಯೆಲ್ಲ ಅದರಲ್ಲೇ ಇರುವುದು. ಖಾಲಿ ಪುಟಕ್ಕೆ ಸಹಿ ಹಾಕಬೇಡಿ. ಚರ್ಚೆಯಾದದ್ದನ್ನು ಬರೆಸಿ, ಓದಿಸಿ ಕೇಳಿ, ಆಮೇಲೆ ಸಹಿ ಮಾಡಿ. ಓದಲು ಬಾರದ ತಾಯಂದಿರಿದ್ದರೆ ಜೋರಾಗಿಯೇ ಓದಿ ಹೇಳಬೇಕು.

ಪೋಷಕಿ: ಸಮಿತಿಯಲ್ಲೂ ಒಂದು ವಾದ ನಡೆಯುತ್ತಿದೆ. ಎಲ್ಲ ಮಕ್ಕಳಿಗೂ ಒಂದೇ ಥರ ಕೊಟ್ಟರೆ ನ್ಯಾಯ, ಒಂದು ಮಗುವಿಗೆ ಬೇರೆಯಾಗಿ ಏನಾದರೂ ಮಾಡಿದರೆ ಪಕ್ಷಪಾತ ಎನ್ನುತ್ತಾರೆ ಕೆಲವರು.

ಮೇಷ್ಟರು: ಅದಕ್ಕೆ ತರಗತಿಯನ್ನೇ ನೋಡಬೇಕು. ನಾಲ್ಕನೇ ತರಗತಿಯ ಒಬ್ಬ ಹುಡುಗಿ ಹಿಂದಿನ ಸಾಲಿನಲ್ಲಿ ಕೂರುತ್ತಾಳೆ ಎಂದಿಟ್ಟುಕೊಳ್ಳಿ. ಶಿಕ್ಷಕರು ನೋಟ್‌ಬುಕ್ ತಿದ್ದುವಾಗ ಅವಳ ಪುಸ್ತಕದಲ್ಲೂ ಪಕ್ಕದವಳ ಪುಸ್ತಕದಲ್ಲೂ ಒಂದೇ ಜಾಗದಲ್ಲಿ ಒಂದೇ ಒತ್ತಕ್ಷರ ತಪ್ಪಾಗಿರುತ್ತದೆ. ಕಾಪಿ ಹೊಡೆದಿದ್ದಾಳೆ ಎಂದು ಬೈಗುಳ ಬೀಳುತ್ತದೆ. ನಿಜಕ್ಕೂ ಆ ಮಗುವಿಗೆ ಬೋರ್ಡು ಕಾಣುವುದಿಲ್ಲ. ಕಾಣುತ್ತಿಲ್ಲ ಎಂದು ಹೇಳಲು ಅವಳಿಗೆ ಗೊತ್ತೂ ಇಲ್ಲ. ಎಲ್ಲರಿಗೂ ಬೋರ್ಡು ಹಾಗೆಯೇ ಮಸುಕಾಗಿ ಕಾಣುತ್ತದೆ ಎಂದೇ ಅವಳು ತಿಳಿದಿರುತ್ತಾಳೆ. ಬೋರ್ಡು ಎಲ್ಲ ಮಕ್ಕಳಿಗೂ ಒಂದೇ. ಆದರೆ ಪಾಠ ಮುಟ್ಟಿದ್ದು ಅವಳೊಬ್ಬಳನ್ನು ಬಿಟ್ಟು ಉಳಿದವರಿಗೆ. ಅವಳಿಗೆ ಮುಂದಿನ ಸಾಲೂ ಕನ್ನಡಕವೂ ಸಿಕ್ಕಿದಾಗ ಮಾತ್ರ ಬೋರ್ಡು ಎಲ್ಲರಿಗೂ ಒಂದೇ ಆಗುತ್ತದೆ. ಇದರಲ್ಲಿ ಬೇರೆ ಮಕ್ಕಳಿಂದ ಕಿತ್ತುಕೊಂಡದ್ದು ಏನೂ ಇಲ್ಲ.

ಪೋಷಕಿ: ಅಂಥ ಮಕ್ಕಳಿಗೆ ಬೇರೆ ಕಾನೂನು ಇದೆಯೇ?

ಮೇಷ್ಟರು: ಅಂಗವಿಕಲರ ಹಕ್ಕುಗಳ ಕಾಯ್ದೆ, 2016ರದು. ಮೊದಲಿದ್ದ ಏಳು ಬಗೆಯ ಅಂಗವೈಕಲ್ಯದ ಪಟ್ಟಿಯನ್ನು ಅದು 21ಕ್ಕೆ ಹಿಗ್ಗಿಸಿತು. ಕಣ್ಣು, ಕಿವಿ, ಕೈಕಾಲಿನ ತೊಂದರೆಗಳ ಜೊತೆಗೆ ಆಟಿಸಂ, ಡಿಸ್ಲೆಕ್ಸಿಯಾದಂಥ ಕಲಿಕಾ ನ್ಯೂನತೆಗಳೂ ಅದರಲ್ಲಿವೆ. ಅಕ್ಷರಗಳು ಅದಲುಬದಲಾಗಿ ಓದುವ ಮಗುವನ್ನು ದಡ್ಡ ಎಂದು ಮೂಲೆಗೆ ತಳ್ಳುವ ಕಾಲ ಕಾನೂನಿನ ಪ್ರಕಾರ ಮುಗಿದಿದೆ. ತೊಂದರೆಯನ್ನು ಆದಷ್ಟು ಬೇಗ ಪತ್ತೆ ಮಾಡುವುದು ಶಾಲೆಯ ಹೊಣೆ. ಅಂಗವೈಕಲ್ಯ ಶೇ. 40 ಅಥವಾ ಅದಕ್ಕೂ ಹೆಚ್ಚೆಂದು ಪ್ರಮಾಣಪತ್ರವಿದ್ದರೆ ಉಚಿತ ಶಿಕ್ಷಣದ ಹಕ್ಕು 14ಕ್ಕೆ ನಿಲ್ಲುವುದಿಲ್ಲ, 18 ವರ್ಷದವರೆಗೂ ಇರುತ್ತದೆ. ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ, ಅಂದರೆ ಬಿಆರ್‌ಸಿಯಲ್ಲಿ ಇಂಥ ಮಕ್ಕಳಿಗಾಗಿಯೇ ಸಂಪನ್ಮೂಲ ಶಿಕ್ಷಕರಿರುತ್ತಾರೆ, ಅವರನ್ನು ಕರೆಸಿಕೊಳ್ಳಿ. ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚಿನ ಸಮಯ ಬೇಕಾದವರೂ ಉತ್ತರ ಬರೆದುಕೊಡುವವರು ಬೇಕಾದವರೂ ಅರ್ಜಿಯ ಹೊತ್ತಿಗೇ ದಾಖಲೆ ಕೊಡಬೇಕು, ಪರೀಕ್ಷೆ ಹತ್ತಿರ ಬಂದಾಗ ಓಡಾಡಿದರೆ ಆಗುವುದಿಲ್ಲ. ಮಗುವನ್ನು ಮುಂದಿನ ಸಾಲಿನಲ್ಲಿ ಕೂರಿಸುವುದಕ್ಕೆ ಮಾತ್ರ ಯಾವ ಪ್ರಮಾಣಪತ್ರವೂ ಬೇಡ.

ಪೋಷಕಿ: ನಮ್ಮೂರಿನ ಇಟ್ಟಿಗೆ ಗೂಡಿಗೆ ಯಾದಗಿರಿ ಕಡೆಯಿಂದ ನಾಲ್ಕು ಸಂಸಾರ ಬಂದಿವೆ. ಮಕ್ಕಳನ್ನು ಶಾಲೆಗೆ ಕರೆದುಕೊಂಡು ಹೋದರೆ ಟಿಸಿ ತನ್ನಿ, ಜನನ ಪ್ರಮಾಣಪತ್ರ ತನ್ನಿ, ದಾಖಲಾತಿ ಜೂನ್‌ನಲ್ಲೇ ಮುಗಿಯಿತು ಎಂದರು.

ಮೇಷ್ಟರು: ಆ ಮೂರು ಮಾತಿಗೂ ಆರ್‌ಟಿಇ ಕಾಯ್ದೆಯಲ್ಲಿ ಉತ್ತರವಿದೆ. ಒಂದು ಶಾಲೆಯಿಂದ ಇನ್ನೊಂದು ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಹೋಗುವ ಹಕ್ಕು ಮಗುವಿಗಿದೆ. ಟಿಸಿ ಕೇಳಿದ ಕೂಡಲೇ ಕೊಡಬೇಕು. ಅದು ತಡವಾಯಿತೆಂದು ಹೊಸ ಶಾಲೆಯವರು ಮಗುವನ್ನು ಸೇರಿಸಿಕೊಳ್ಳದೆ ಇರುವಂತಿಲ್ಲ. ತಡ ಮಾಡಿದ ಮುಖ್ಯ ಶಿಕ್ಷಕರ ಮೇಲೆ ಶಿಸ್ತುಕ್ರಮಕ್ಕೂ ಅವಕಾಶವಿದೆ. ವಯಸ್ಸಿನ ದಾಖಲೆ ಇಲ್ಲವೆಂದು ಮಗುವನ್ನು ವಾಪಸು ಕಳಿಸಕೂಡದು. ದಾಖಲಾತಿಯ ಗಡುವು ಮುಗಿದ ಮೇಲೆ ಬಂದ ಮಗುವಿಗೂ ಬಾಗಿಲು ತೆರೆದೇ ಇರಬೇಕು. ಎರಡು ವರ್ಷ ಶಾಲೆ ಬಿಟ್ಟ ಹತ್ತು ವರ್ಷದ ಹುಡುಗನನ್ನು ಎರಡನೇ ತರಗತಿಯಲ್ಲಿ ಕೂರಿಸುವುದೂ ತಪ್ಪು. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು, ಸಹಪಾಠಿಗಳ ಮಟ್ಟಕ್ಕೆ ಬರುವಂತೆ ವಿಶೇಷ ತರಬೇತಿ ಕೊಡಬೇಕು.

ಪೋಷಕಿ: ಮುಖ್ಯ ಶಿಕ್ಷಕರಿಗೆ ಇದು ಗೊತ್ತಿರುವುದಿಲ್ಲವೇ?

ಮೇಷ್ಟರು: ಗೊತ್ತಿರುತ್ತದೆ. ಅವರ ತಲೆನೋವು ಕಂಪ್ಯೂಟರಿನದು, ಮಕ್ಕಳ ದಾಖಲಾತಿ ಇಡುವ ಸ್ಯಾಟ್ಸ್ ಪೋರ್ಟಲ್ಲಿನದು. ಹಳೆಯ ಶಾಲೆಯವರು ಸ್ಯಾಟ್ಸ್‌ನಲ್ಲಿ ಮಗುವಿನ ಹೆಸರು ಬಿಟ್ಟುಕೊಡದಿದ್ದರೆ ಇಲ್ಲಿ ನಮೂದಾಗುವುದಿಲ್ಲ. ಹೆಸರು ಹತ್ತದ ಮಗುವಿನ ಲೆಕ್ಕ ಕೊಡುವುದು ಹೇಗೆ ಎಂಬ ಭಯ. ಆ ಭಯ ಸುಳ್ಳಲ್ಲ. ಆದರೆ ಎರಡು ಕಚೇರಿಗಳು ತಮ್ಮೊಳಗೆ ಬಗೆಹರಿಸಿಕೊಳ್ಳಬೇಕಾದ ಕೆಲಸಕ್ಕೆ ಮಗು ಗೂಡಿನ ಹತ್ತಿರ ಇಟ್ಟಿಗೆ ಎಣಿಸುತ್ತ ಕೂರಬಾರದು. ಮೊದಲು ಮಗು ತರಗತಿಯಲ್ಲಿ ಕೂರಲಿ, ಕಾಗದ ಹಿಂದಿನಿಂದ ಬರಲಿ. ಸಮಿತಿ ಹೀಗೆ ನಿರ್ಣಯ ಮಾಡಿಕೊಟ್ಟರೆ ಮುಖ್ಯ ಶಿಕ್ಷಕರಿಗೂ ಧೈರ್ಯ ಬರುತ್ತದೆ.

ಪೋಷಕಿ: ನಮಗೆ ಎಲ್ಲಕ್ಕಿಂತ ದೊಡ್ಡ ಚಿಂತೆ ಹೆಣ್ಣುಮಕ್ಕಳ ಶೌಚಾಲಯ. ಕಟ್ಟಡ ಇದೆ, ಗೋಡೆಗೆ ಬಣ್ಣ ಬಳಿದು ಚಿತ್ರವನ್ನೂ ಬರೆಸಿದ್ದಾರೆ. ಬಾಗಿಲಿಗೆ ಬೀಗ.

ಮೇಷ್ಟರು: ಬೀಗದ ಕೈ ಎಲ್ಲಿದೆ?

ಪೋಷಕಿ: ಆಫೀಸ್ ರೂಮಿನಲ್ಲಿ, ಹಾಜರಿ ಪುಸ್ತಕದ ಪಕ್ಕದ ಮೊಳೆಯಲ್ಲಿ. ಏಳನೇ ಕ್ಲಾಸಿನ ಹುಡುಗಿ ಗಂಡಸರು ಕೂತಿರುವ ಕೋಣೆಗೆ ಹೋಗಿ ಅದನ್ನು ಕೇಳಬೇಕು. ಕೇಳುವುದಿಲ್ಲ. ಬೆಳಗ್ಗೆ ಮನೆಯಿಂದ ಹೊರಡುವಾಗಲೇ ನೀರು ಕುಡಿಯುವುದನ್ನು ಬಿಟ್ಟಿದ್ದಾರೆ. ತಿಂಗಳಲ್ಲಿ ನಾಲ್ಕು ದಿನ ಶಾಲೆಗೇ ಬರುವುದಿಲ್ಲ.

ಮೇಷ್ಟರು: ಅರ್ಜಿಯಲ್ಲಿ ಬರೆಯಬೇಕಾದದ್ದು ಈ ಮಾತನ್ನೇ ಅಮ್ಮ. ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಬೇರೆ ಬೇರೆ ಶೌಚಾಲಯ ಇರಬೇಕೆಂದು ಕಾಯ್ದೆಯ ಅನುಸೂಚಿ ಹೇಳುತ್ತದೆ. ಬೀಗ ಹಾಕಿದ ಕಟ್ಟಡ ಇಲಾಖೆಯ ಲೆಕ್ಕದಲ್ಲಿ ‘ಇದೆ’, ಹುಡುಗಿಯರ ಲೆಕ್ಕದಲ್ಲಿ ‘ಇಲ್ಲ’. ಬೀಗ ಯಾಕೆ ಬೀಳುತ್ತದೆಂದರೆ ನೀರಿರುವುದಿಲ್ಲ, ಗುಡಿಸಿ ತೊಳೆಯುವವರಿರುವುದಿಲ್ಲ. ಸಮಿತಿ ಹಟ ಹಿಡಿದು ಕೇಳಬೇಕಾದ್ದು ನೀರಿನ ಸಂಪರ್ಕವನ್ನೂ ತೊಳೆಯುವವರ ಸಂಬಳವನ್ನೂ. ಮುಟ್ಟಿನ ದಿನಗಳಿಗೆ ಸ್ಯಾನಿಟರಿ ಪ್ಯಾಡ್ ಕೊಡುವ ಶುಚಿ ಯೋಜನೆಯೂ ರಾಜ್ಯದಲ್ಲಿದೆ. ಪ್ಯಾಡ್ ಕೊಟ್ಟು ನೀರು ಕೊಡದಿದ್ದರೆ ಹುಡುಗಿ ಮನೆಯಲ್ಲೇ ಉಳಿಯುತ್ತಾಳೆ.

ಪೋಷಕಿ: ಮಕ್ಕಳ ಕೈಯಲ್ಲೇ ತೊಳೆಸಿದರಾಯಿತು, ಶಿಸ್ತು ಕಲಿಯುತ್ತಾರೆ ಎಂದರು ಒಬ್ಬರು.

ಮೇಷ್ಟರು: ಹಾಗೆನ್ನುವವರು ಒಂದನ್ನು ಗಮನಿಸಬೇಕು. ಮಕ್ಕಳಿಂದ ಶೌಚಾಲಯ ತೊಳೆಸುವ ಕಡೆಗಳಲ್ಲಿ ಸರದಿ ಎಲ್ಲ ಮಕ್ಕಳಿಗೂ ಬರುವುದಿಲ್ಲ. ಯಾವ ಮನೆಯ ಮಗು ಎಂದು ನೋಡಿಯೇ ಪೊರಕೆ ಕೈಗೆ ಬರುತ್ತದೆ. 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರಲ್ಲಿ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿ ಸ್ವಚ್ಛ ಮಾಡಿಸಿದ ವಿಷಯ ಹೊರಬಂದಾಗ ರಾಜ್ಯವೇ ತಲೆ ತಗ್ಗಿಸಿತು. ಅಮಾನತು, ಬಂಧನ ಎಲ್ಲ ಆಯಿತು. ಅದೆಲ್ಲ ಆದದ್ದು ಮಕ್ಕಳು ಗುಂಡಿಗೆ ಇಳಿದು ಮೇಲೆ ಬಂದ ಮೇಲೆ.

ಪೋಷಕಿ: ಊಟದ ಸಾಲಿನಲ್ಲೂ ಈ ಭೇದ ಇಣುಕುತ್ತದೆ. ಅಡುಗೆಯವರು ಯಾರು ಎಂದು ಕೇಳಿ ಮಕ್ಕಳಿಗೆ ಡಬ್ಬಿ ಕಟ್ಟಿ ಕಳಿಸುವ ಮನೆಗಳಿವೆ.

ಮೇಷ್ಟರು: ಬಿಸಿಯೂಟ ಬಂದದ್ದೇ ಒಂದು ಹೋರಾಟದ ಫಲವಾಗಿ. ಶಾಲೆಯಲ್ಲಿ ಬೇಯಿಸಿದ ಊಟ ಕೊಡಬೇಕೆಂದು 2001ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತು. ಕರ್ನಾಟಕದಲ್ಲಿ 2002ರಲ್ಲಿ ಉತ್ತರದ ಜಿಲ್ಲೆಗಳಿಂದ ಅಕ್ಷರ ದಾಸೋಹ ಶುರುವಾಯಿತು. 2013ರ ಆಗಸ್ಟಿನಲ್ಲಿ ಹಾಲು ಸೇರಿತು, ಆಮೇಲೆ ಮೊಟ್ಟೆ. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ತಿನ್ನುವುದು ಬಿಡುವುದು ಮಗುವಿನ ಮನೆಯ ಆಯ್ಕೆ. ಆದರೆ ಯಾರ ಪಕ್ಕ ಕೂರುವುದು, ಯಾರು ಬಡಿಸಿದ್ದನ್ನು ತಿನ್ನುವುದು ಎಂಬ ಆಯ್ಕೆಗೆ ಶಾಲೆಯಲ್ಲಿ ಜಾಗವಿಲ್ಲ. ಕುದ್ಮುಲ್ ರಂಗರಾಯರು 1892ರಲ್ಲಿ ಮಂಗಳೂರಿನಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದದ್ದು ಬೇರೆ ಶಾಲೆಗಳು ಆ ಮಕ್ಕಳನ್ನು ಒಳಗೆ ಕೂರಿಸಿಕೊಳ್ಳುತ್ತಿರಲಿಲ್ಲ ಎಂಬ ಕಾರಣಕ್ಕೆ. ಅವರು ತಮ್ಮವರಿಂದಲೇ ಬಹಿಷ್ಕಾರ ಅನುಭವಿಸಿ ಮಾಡಿದ ಕೆಲಸವನ್ನು ಊಟದ ತಟ್ಟೆಯ ಹತ್ತಿರ ಕಳೆದುಕೊಳ್ಳಬಾರದು. ಸಮಿತಿಯ ಸದಸ್ಯರು ತಿಂಗಳಿಗೊಮ್ಮೆ ಮಕ್ಕಳ ಸಾಲಿನಲ್ಲೇ ಕೂತು ಅದೇ ಅಡುಗೆ ಉಣ್ಣಬೇಕು. ಹತ್ತು ಭಾಷಣಕ್ಕಿಂತ ಅದು ಮೇಲು.

ಪೋಷಕಿ: ಹೊಡೆತದ ಬಗ್ಗೆ ಪೋಷಕರಲ್ಲೇ ಒಮ್ಮತವಿಲ್ಲ. ‘ನಾಲ್ಕು ಬಾರಿಸಿ ಬುದ್ಧಿ ಕಲಿಸಿ’ ಎಂದು ತಾವೇ ಹೇಳಿ ಬರುವವರಿದ್ದಾರೆ.

ಮೇಷ್ಟರು: ಕಾಯ್ದೆಯ 17ನೇ ಕಲಮು ಹೊಡೆತವನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಪೋಷಕರು ಒಪ್ಪಿದರೂ ಅದು ಸರಿಯಾಗುವುದಿಲ್ಲ, ಏಕೆಂದರೆ ಆ ಹಕ್ಕು ಮಗುವಿನದು. ಫೀಸು ಕಟ್ಟಿಲ್ಲವೆಂದು ಮಗುವನ್ನು ತರಗತಿಯ ಹೊರಗೆ ನಿಲ್ಲಿಸುವುದು ಕೂಡ ಕಿರುಕುಳವೇ. ಸಾಲ ದೊಡ್ಡವರದು, ನಾಚಿಕೆ ಮಾತ್ರ ಮಗುವಿನ ಪಾಲಿಗೆ.

ಪೋಷಕಿ: ಖಾಸಗಿ ಶಾಲೆಯ ಮಕ್ಕಳ ಪರವಾಗಿ ಮಾತಾಡುವವರು ಯಾರು?

ಮೇಷ್ಟರು: ಅನುದಾನರಹಿತ ಶಾಲೆಗೆ ಕಾಯ್ದೆ ಇಂಥ ಸಮಿತಿಯನ್ನು ಕಡ್ಡಾಯ ಮಾಡಿಲ್ಲ. ಅದೊಂದು ಕೊರತೆಯೇ. ಆದರೆ ಡೊನೇಷನ್ ಪಡೆಯುವುದೂ ಸೇರಿಸಿಕೊಳ್ಳುವ ಮುನ್ನ ಮಗುವನ್ನೋ ಪೋಷಕರನ್ನೋ ಪರೀಕ್ಷೆ ಮಾಡುವುದೂ ಅಪರಾಧ. ಪಡೆದ ಡೊನೇಷನ್ನಿನ ಹತ್ತು ಪಟ್ಟಿನವರೆಗೆ ದಂಡ ಹಾಕಬಹುದು. ಪರೀಕ್ಷೆ ಮಾಡಿದರೆ ಮೊದಲ ಸಲ 25,000 ರೂಪಾಯಿವರೆಗೆ, ಆಮೇಲೆ ಪ್ರತಿ ಸಲಕ್ಕೆ 50,000ದವರೆಗೆ. ಬಡ ಮಕ್ಕಳಿಗೆ ಶೇ. 25 ಸೀಟು ಕರ್ನಾಟಕದಲ್ಲಿ 2012ರಿಂದ ಸಿಗುತ್ತಿತ್ತು. 2019ರಲ್ಲಿ ರಾಜ್ಯ ನಿಯಮ ತಿದ್ದಿ, ನೆರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆ ಸೀಟಿಲ್ಲ ಎಂದಿತು, ಹೈಕೋರ್ಟೂ ಅದನ್ನು ಎತ್ತಿಹಿಡಿಯಿತು. ಮಹಾರಾಷ್ಟ್ರ ಇಂಥದೇ ತಿದ್ದುಪಡಿ ತಂದಾಗ ಬಾಂಬೆ ಹೈಕೋರ್ಟ್ 2024ರಲ್ಲಿ ರದ್ದು ಮಾಡಿತು. ಸರ್ಕಾರಿ ಶಾಲೆ ಉಳಿಸುವುದಕ್ಕೆ ಈ ತಿದ್ದುಪಡಿ ಎಂದು ಇಲ್ಲಿ ಹೇಳಿದರು. ಹಾಗಾದರೆ ಉಳಿಸಿಕೊಂಡ ಸರ್ಕಾರಿ ಶಾಲೆಗೆ ಶಿಕ್ಷಕರನ್ನು ಕೊಡುವ ಹೊಣೆ ದುಪ್ಪಟ್ಟಾಯಿತು.

ಪೋಷಕಿ: ನಮ್ಮಲ್ಲಿ ಮೊದಲ ಐದು ತರಗತಿಗೆ ಇಬ್ಬರು. ಒಬ್ಬರಿಗೆ ವಾರದಲ್ಲಿ ಎರಡು ದಿನ ಮೀಟಿಂಗು, ತರಬೇತಿ.

ಮೇಷ್ಟರು: ಒಂದರಿಂದ ಐದರವರೆಗೆ 60 ಮಕ್ಕಳಿಗೆ ಇಬ್ಬರು, 61ರಿಂದ 90ಕ್ಕೆ ಮೂವರು, ಆರರಿಂದ ಎಂಟರವರೆಗೆ 35 ಮಕ್ಕಳಿಗೊಬ್ಬರು. ಕಾಯ್ದೆಯ ಲೆಕ್ಕ ಇದು. ಕೆಳಗಿನ ತರಗತಿಗಳಿಗೆ ವರ್ಷದಲ್ಲಿ 200 ದಿನ, ಮೇಲಿನವಕ್ಕೆ 220 ದಿನ ಪಾಠ ನಡೆಯಬೇಕು. ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಕಳಿಸಕೂಡದು. ಮಕ್ಕಳಿಗೆ ನ್ಯಾಯ ಕೇಳುವ ಸಮಿತಿ ಶಿಕ್ಷಕರನ್ನೇ ಶತ್ರು ಮಾಡಿಕೊಂಡರೆ ಕೆಲಸ ಕೆಡುತ್ತದೆ. ಎರಡು ಮೂರು ತರಗತಿಯನ್ನು ಒಟ್ಟಿಗೆ ಕೂರಿಸಿಕೊಂಡು, ಬಿಸಿಯೂಟದ ಅಕ್ಕಿಯ ಲೆಕ್ಕ ಬರೆದು, ಮೊಟ್ಟೆ ಎಣಿಸಿ, ಪೋರ್ಟಲ್ಲಿಗೆ ಮಾಹಿತಿ ತುಂಬುವವರಿಗೂ ನ್ಯಾಯ ಬೇಕು. ಖಾಲಿ ಹುದ್ದೆ ತುಂಬಿ ಎಂದು ಪೋಷಕರು ಬರೆದ ಕಾಗದಕ್ಕೆ ಶಿಕ್ಷಕರ ಕಾಗದಕ್ಕಿಂತ ತೂಕ ಹೆಚ್ಚು.

ಪೋಷಕಿ: ಮಕ್ಕಳನ್ನೇ ಕೇಳುವ ಜಾಗ ಯಾವುದಾದರೂ ಇದೆಯೇ?

ಮೇಷ್ಟರು: ಮಕ್ಕಳ ಗ್ರಾಮಸಭೆ ಇದೆ. 2006ರಿಂದ ಗ್ರಾಮ ಪಂಚಾಯಿತಿಗಳು ವರ್ಷಕ್ಕೊಮ್ಮೆ ನಡೆಸುತ್ತ ಬಂದಿವೆ. ಅಧ್ಯಕ್ಷರು, ಪಿಡಿಒ, ಇಲಾಖೆಯವರು ಎದುರಿಗೆ ಕೂತಿರುತ್ತಾರೆ, ಮಕ್ಕಳು ಮೈಕು ಹಿಡಿದು ಕೇಳುತ್ತಾರೆ. ಬಸ್ಸು ನಿಲ್ಲಿಸುವುದಿಲ್ಲ, ಶಾಲೆಯ ದಾರಿಯಲ್ಲಿ ಹೆಂಡದಂಗಡಿ ಇದೆ, ಹಳ್ಳ ದಾಟಲು ಸಂಕವಿಲ್ಲ. ದೊಡ್ಡವರಿಗೆ ಕಾಣದ್ದು ಅವರಿಗೆ ಕಾಣುತ್ತದೆ, ದಿನವೂ ಆ ದಾರಿಯಲ್ಲಿ ನಡೆಯುವವರು ಅವರೇ. 2022ರ ಆಗಸ್ಟಿನಲ್ಲಿ ಬೈಂದೂರು ತಾಲ್ಲೂಕಿನಲ್ಲಿ ಎರಡನೇ ತರಗತಿಯ ಪುಟ್ಟ ಹುಡುಗಿ ಶಾಲೆಯಿಂದ ಮನೆಗೆ ಬರುವಾಗ ಕಾಲುಸಂಕದಿಂದ ಜಾರಿ ಮಳೆನೀರಿನಲ್ಲಿ ಕೊಚ್ಚಿಹೋದಳು. ಮಗು ಕೇಳಿದ ಪ್ರಶ್ನೆಗೆ ‘ಪರಿಶೀಲಿಸುತ್ತೇವೆ’ ಎಂದು ಬರೆದು ಮುಂದಿನ ವರ್ಷದವರೆಗೆ ಕಡತ ಮುಚ್ಚುವವರು ಇದನ್ನು ಮರೆಯಕೂಡದು.

ಪೋಷಕಿ: ಹೀಗೆ ಕೇಳುತ್ತ ಹೋದರೆ ನಮ್ಮ ಮಕ್ಕಳ ಮೇಲೆ ಹಗೆ ಸಾಧಿಸಿದರೆ? ಎಷ್ಟೋ ತಾಯಂದಿರು ಬಾಯಿ ಮುಚ್ಚಿಕೊಂಡಿರುವುದು ಈ ಹೆದರಿಕೆಗೆ.

ಮೇಷ್ಟರು: ಅದಕ್ಕೇ ಒಬ್ಬರೇ ಹೋಗಬಾರದು. ಒಬ್ಬ ತಾಯಿ ಕೇಳಿದರೆ ಅದು ಅವಳ ಮಗುವಿನ ತಕರಾರು. ಸಮಿತಿ ನಿರ್ಣಯ ಮಾಡಿ ಕೇಳಿದರೆ ಶಾಲೆಯ ತಕರಾರು. ಮೊದಲು ಮುಖ್ಯ ಶಿಕ್ಷಕರ ಹತ್ತಿರ ಬಾಯಿಮಾತಿನಲ್ಲಿ, ಸಮಾಧಾನವಾಗಿ. ಅರ್ಧಕ್ಕರ್ಧ ತೊಂದರೆಗಳು ಅಲ್ಲೇ ತೀರುತ್ತವೆ. ತೀರದಿದ್ದರೆ ನಡವಳಿ ಪುಸ್ತಕದಲ್ಲಿ ನಿರ್ಣಯ, ಅದರ ಪ್ರತಿ ಬಿಇಒಗೆ. ಅಲ್ಲೂ ಆಗದಿದ್ದರೆ ಜಿಲ್ಲೆಯ ಶಿಕ್ಷಣ ಉಪನಿರ್ದೇಶಕರಿಗೆ, ಅಂದರೆ ಡಿಡಿಪಿಐಗೆ. ಇದಲ್ಲದೆ ಕಾಯ್ದೆಯ 32ನೇ ಕಲಮಿನಂತೆ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಡಬಹುದು. ಮೂರು ತಿಂಗಳೊಳಗೆ ತೀರ್ಮಾನವಾಗಬೇಕು. ತೀರ್ಮಾನ ಒಪ್ಪಿಗೆಯಾಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ. ಮಗುವಿನ ಮೈಮೇಲೆ ಕೈ ಬಿದ್ದಿದ್ದರೆ, ಅಪಾಯವಿದ್ದರೆ, ಈ ಮೆಟ್ಟಿಲುಗಳನ್ನೆಲ್ಲ ಹತ್ತುತ್ತ ಕೂರಬೇಡಿ, 1098ಕ್ಕೆ ಫೋನ್ ಮಾಡಿ.

ಪೋಷಕಿ: ಹಾಗಾದರೆ ಹೀಗೆ ಬರೆಯುತ್ತೇನೆ, ನೋಡಿ. ‘ನಮ್ಮ ಶಾಲೆಯ ಆರರಿಂದ ಎಂಟನೇ ತರಗತಿಯಲ್ಲಿ 41 ಹೆಣ್ಣುಮಕ್ಕಳಿದ್ದಾರೆ. ಅವರ ಶೌಚಾಲಯಕ್ಕೆ ಫೆಬ್ರುವರಿಯಿಂದ ನೀರಿಲ್ಲ, ಬಾಗಿಲಿಗೆ ಬೀಗ ಹಾಕಿದೆ. ನೀರಿನ ಸಂಪರ್ಕವನ್ನೂ ಸ್ವಚ್ಛತೆಗೆ ಒಬ್ಬರನ್ನೂ ಮೂವತ್ತು ದಿನದೊಳಗೆ ಒದಗಿಸಬೇಕೆಂದು ಸಮಿತಿ ಈ ದಿನ ನಿರ್ಣಯಿಸಿದೆ. ನಡವಳಿಯ ಪ್ರತಿ ಲಗತ್ತಿಸಿದೆ.’

ಮೇಷ್ಟರು: ಸರಿಯಾಗಿದೆ. ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಲಿ. ಇಟ್ಟಿಗೆ ಗೂಡಿನ ಮಕ್ಕಳದ್ದು ಬೇರೆ ಹಾಳೆಯಲ್ಲಿ ಬರೆಯಿರಿ. ಕೆಳಗೆ ತಾರೀಖು ಹಾಕಿ, ಸದಸ್ಯರೆಲ್ಲರ ಸಹಿ ಮಾಡಿಸಿ. ಎರಡು ಪ್ರತಿ ತೆಗೆಯಿರಿ. ಒಂದನ್ನು ಕಚೇರಿಗೆ ಕೊಟ್ಟು ಇನ್ನೊಂದಕ್ಕೆ ಸ್ವೀಕೃತಿಯ ಸೀಲೂ ಸಹಿಯೂ ಹಾಕಿಸಿಕೊಂಡು ಮನೆಗೆ ತನ್ನಿ.